ಪ್ರೊಮಿಥಿಯಸ್: ‘ಮುಂದಾಲೋಚನೆ’ಯೋ, ‘ಪ್ರಮಂಥ’ವೋ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಗ್ರೀಕ್ ಪುರಾಣದ ಪ್ರೊಮಿಥಿಯಸ್ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಅವಳ ಪುಸ್ತಕದಲ್ಲಿ ಆ ಹೆಸರಿಗೆ ‘ಮುಂದಾಲೋಚನೆ ಉಳ್ಳವನು’ ಅನ್ನುವ ಅರ್ಥ ಕೊಟ್ಟಿದ್ದಾರೆ. ಆದರೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಒಂದು ಬರಹದಲ್ಲಿ, ಇದು ಸಂಸ್ಕೃತದ ‘ಪ್ರಮಂಥ’ದಿಂದ ಹುಟ್ಟಿದ ಹೆಸರು, ಬೆಂಕಿ ಕಡೆಯುವ ಕೋಲು ಅಂತ ಅರ್ಥ ಅಂತಿದೆ. ಯಾವುದು ಸರಿ? ಕನ್ನಡದಲ್ಲಿ ಈ ಹೆಸರನ್ನು ಹೇಗೆ ಬರೆಯಬೇಕು ಅನ್ನುವುದನ್ನೂ ತಿಳಿಸಿ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಗ್ರೀಕರ ಕಿವಿಗೆ ಆ ಹೆಸರು ‘ಮುಂಚೆಯೇ ಯೋಚಿಸುವವನು’ ಅಂತಲೇ ಕೇಳಿಸುತ್ತಿತ್ತು. ಅದರಲ್ಲಿ ಅನುಮಾನ ಬೇಡ. ಹಾಗಂತ ‘ಪ್ರಮಂಥ’ದ ಮಾತು ಯಾರೋ ಮೊನ್ನೆ ಕೂತು ಕಟ್ಟಿದ್ದೂ ಅಲ್ಲ. ಅದಕ್ಕೆ 160 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ, ಹೇಳಿದವರು ಒಬ್ಬ ದೊಡ್ಡ ಜರ್ಮನ್ ವಿದ್ವಾಂಸರು. ಅವರು ಹೇಳಿದ ರೂಪದಲ್ಲಿ ಅದು ಈಗ ನಿಲ್ಲುವುದಿಲ್ಲ. ಆದರೆ ಅದರೊಳಗಿನ ಒಂದು ಎಳೆ ಇನ್ನೂ ಗಟ್ಟಿಯಾಗಿದೆ, ಆ ಎಳೆ ಹಿಡಿದು ಹೋದರೆ ಋಗ್ವೇದದ ಒಂದು ಸಾಲಿಗೆ ಹೋಗಿ ಮುಟ್ಟುತ್ತೇವೆ. ನನಗೆ ಈ ಹೆಸರು ಅಷ್ಟು ಇಷ್ಟವಾಗುವುದೇ ಅದಕ್ಕೆ.

ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮಗೆ ಸಿಗುವ ಅತಿ ಹಳೆಯ ರೂಪ ಹೆಸಿಯಡ್ ಎಂಬ ಕವಿಯದು, ಸುಮಾರು ಕ್ರಿ.ಪೂ. 700ರ ಹೊತ್ತಿನದು. ಪ್ರೊಮಿಥಿಯಸ್ ಟೈಟನ್ ಎಂಬ ಹಳೆಯ ದೇವತೆಗಳ ಕುಲದವನು, ಇಯಾಪೆಟಸ್‌ನ ಮಗ. ಭೂಗೋಳದ ಪುಸ್ತಕಕ್ಕೆ ಹೆಸರು ಕೊಟ್ಟ ಅಟ್ಲಾಸ್ ಇವನ ಅಣ್ಣತಮ್ಮಂದಿರಲ್ಲಿ ಒಬ್ಬ. ಮೆಕೋನೆ ಎಂಬಲ್ಲಿ ದೇವರುಗಳಿಗೂ ಮನುಷ್ಯರಿಗೂ ಎತ್ತಿನ ಮಾಂಸ ಪಾಲು ಮಾಡುವಾಗ ಇವನು ಬರೀ ಮೂಳೆಯನ್ನು ಹೊಳೆಯುವ ಕೊಬ್ಬಿನಲ್ಲಿ ಸುತ್ತಿ ದೇವರಾಜ ಜ್ಯೂಸ್‌ನ ಮುಂದಿಟ್ಟ, ಒಳ್ಳೆಯ ಮಾಂಸವನ್ನು ಹೊಟ್ಟೆಯ ಚೀಲದೊಳಗೆ ಅಡಗಿಸಿದ. ಜ್ಯೂಸ್ ಸಿಟ್ಟಾಗಿ ಮನುಷ್ಯರಿಗೆ ಬೆಂಕಿಯೇ ಸಿಗದ ಹಾಗೆ ಮಾಡಿದ. ಆಗ ಪ್ರೊಮಿಥಿಯಸ್ ಬೆಂಕಿ ಕದ್ದು ತಂದ. ಅದಕ್ಕೆ ಶಿಕ್ಷೆ: ಅವನನ್ನು ಕಟ್ಟಿಹಾಕಿದರು. ಹಗಲೆಲ್ಲ ಒಂದು ಹದ್ದು ಬಂದು ಅವನ ಪಿತ್ತಜನಕಾಂಗ ತಿನ್ನುತ್ತಿತ್ತು, ರಾತ್ರಿ ಅದು ಮತ್ತೆ ಬೆಳೆಯುತ್ತಿತ್ತು. ಕೊನೆಗೆ ಹೆರಾಕ್ಲಿಸ್ ಎಂಬ ವೀರ ಹದ್ದನ್ನು ಕೊಂದ.

ಬೆಂಕಿಯನ್ನು ಹೇಗೆ ತಂದ ಅನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ‘ನಾರ್ಥೆಕ್ಸ್’ ಎಂಬ ಗಿಡದ ದಂಟಿನೊಳಗೆ ಇಟ್ಟುಕೊಂಡು ತಂದ ಎನ್ನುತ್ತಾನೆ ಹೆಸಿಯಡ್. ಇದು ಕವಿಯ ಕಲ್ಪನೆಯ ಗಿಡ ಅಲ್ಲ. ಮೆಡಿಟರೇನಿಯನ್ ತೀರದ ಬಯಲಿನಲ್ಲಿ ಆಳೆತ್ತರಕ್ಕಿಂತ ಜಾಸ್ತಿ ಬೆಳೆಯುತ್ತದೆ, ಹಳದಿ ಹೂವು ಬಿಡುತ್ತದೆ. ನಮ್ಮ ಒಗ್ಗರಣೆಗೆ ಬೀಳುವ ಇಂಗು ಬರುವುದೂ ಇದೇ ಕುಲದ ಗಿಡಗಳಿಂದ. ದಂಟು ಒಣಗಿದ ಮೇಲೆ ಹೊರಗಿನ ಸಿಪ್ಪೆ ಗಟ್ಟಿಯಾಗಿರುತ್ತದೆ, ಒಳಗೆ ಬಿಳಿ ಬೆಂಡು ತುಂಬಿರುತ್ತದೆ. ಆ ಬೆಂಡಿಗೆ ಒಂದು ಕಿಡಿ ತಾಗಿಸಿದರೆ ಉರಿಯದೆ ಒಳಗೊಳಗೇ ಕನಲುತ್ತಾ ಹೋಗುತ್ತದೆ, ಸಿಪ್ಪೆ ಸುಡುವುದಿಲ್ಲ. ಬೆಂಕಿಪೆಟ್ಟಿಗೆ ಇಲ್ಲದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಪಕ್ಕದ ಮನೆಯಿಂದ ಬೆರಣಿ ಚೂರಿನ ಮೇಲೆ ಕೆಂಡ ತರುತ್ತಿದ್ದರಲ್ಲ, ಇದೂ ಅಂಥದ್ದೇ ಉಪಾಯ. ನೋಡಿದವರಿಗೆ ಕೈಯಲ್ಲಿ ಒಂದು ಒಣ ಕೋಲು ಹಿಡಿದು ಹೋಗುತ್ತಿದ್ದಾನೆ ಅಂತ ಮಾತ್ರ ಕಾಣುತ್ತದೆ. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ಬೇಕಾ?

ಈಗ ಹೆಸರಿಗೆ ಬರೋಣ.

ಗ್ರೀಕ್‌ನಲ್ಲಿ ಈ ಹೆಸರಿನ ರೂಪ ‘ಪ್ರೊಮೇಥೆಉಸ್’. ‘ಪ್ರೊ’ ಅಂದರೆ ಮುಂದೆ, ಮುಂಚೆ. ನಮ್ಮ ಪ್ರಗತಿ, ಪ್ರಯಾಣಗಳಲ್ಲಿರುವ ‘ಪ್ರ’ ಇದರ ಒಡಹುಟ್ಟು, ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ತೊಡಕಿರುವುದು ‘ಮೇಥ್’ ಅನ್ನುವ ಭಾಗದಲ್ಲಿ. ಗ್ರೀಕರು ಇದನ್ನು ‘ಕಲಿ, ತಿಳಿ’ ಎಂಬ ಅರ್ಥದ ‘ಮಂಥಾನೊ’ ಕ್ರಿಯಾಪದದ ಜೊತೆ ಸೇರಿಸಿಕೊಂಡರು. ಮ್ಯಾಥಮ್ಯಾಟಿಕ್ಸ್ ಅನ್ನುವ ಪದ ಬಂದಿದ್ದೂ ಆ ಕ್ರಿಯಾಪದದಿಂದಲೇ, ಕಲಿಯುವಂಥದ್ದು ಅನ್ನುವ ಅರ್ಥದಲ್ಲಿ. ಜೊತೆಗೆ ‘ಪ್ರೊಮೇಥೇಸ್’ ಅಂದರೆ ಮುಂದಾಲೋಚನೆ ಇರುವವನು, ‘ಪ್ರೊಮೇಥಿಯಾ’ ಅಂದರೆ ಮುಂದಾಲೋಚನೆ ಅನ್ನುವ ಪದಗಳು ಗ್ರೀಕ್‌ನಲ್ಲಿ ಸಾಮಾನ್ಯ ಬಳಕೆಯಲ್ಲೇ ಇದ್ದವು. ಇತಿಹಾಸಕಾರ ಹೆರೊಡೊಟಸ್‌ನ ಬರಹದಲ್ಲಿ ಕ್ರೀಸಸ್ ದೊರೆ ಪರ್ಷಿಯಾದ ರಾಜನಿಗೆ ಬುದ್ಧಿ ಹೇಳುವಾಗ, ಪುರಾಣದ ಸುದ್ದಿಯೇ ಇಲ್ಲದೆ, ಮುಂದಾಲೋಚನೆಯೇ ಜಾಣತನ ಅಂತ ಇದೇ ಪದ ಬಳಸುತ್ತಾನೆ. ಹಾಗಾಗಿ ಒಬ್ಬ ಗ್ರೀಕ್ ಮಗುವಿಗೆ ಈ ಹೆಸರಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ನಮಗೆ ‘ವಿವೇಕ’ ಅನ್ನುವ ಹೆಸರಿನ ಅರ್ಥ ಹೇಳಬೇಕಿಲ್ಲವಲ್ಲ, ಹಾಗೆ.

ಇದಕ್ಕೆ ದೊಡ್ಡ ಸಾಕ್ಷಿ ಅವನ ತಮ್ಮ. ಅವನ ಹೆಸರು ಎಪಿಮಿಥಿಯಸ್. ‘ಎಪಿ’ ಅಂದರೆ ಇಲ್ಲಿ ಆಮೇಲೆ. ಆದ ಮೇಲೆ ಯೋಚಿಸುವವನು. ಜ್ಯೂಸ್ ಕೊಡುವ ಯಾವ ಉಡುಗೊರೆಯನ್ನೂ ತೆಗೆದುಕೊಳ್ಳಬೇಡ ಅಂತ ಅಣ್ಣ ಹೇಳಿರುತ್ತಾನೆ. ಜ್ಯೂಸ್ ಮನುಷ್ಯರಿಗೆ ಕೇಡಾಗಲಿ ಅಂತಲೇ ಮಾಡಿಸಿದ ಪ್ಯಾಂಡೋರಾ ಎಂಬ ಹೆಣ್ಣನ್ನು ಕಳಿಸುತ್ತಾನೆ. ತಮ್ಮ ಅಣ್ಣನ ಮಾತು ಮರೆತು ಬರಮಾಡಿಕೊಳ್ಳುತ್ತಾನೆ, ಕೇಡು ಕೈಗೆ ಬಂದ ಮೇಲೆಯೇ ಅವನಿಗೆ ಅರಿವಾಯಿತು ಎನ್ನುತ್ತಾನೆ ಹೆಸಿಯಡ್. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಅಂತ ನಮ್ಮಲ್ಲಿ ಗಾದೆ ಇದೆ. ಗ್ರೀಕರು ಅದನ್ನೇ ಒಬ್ಬ ಮನುಷ್ಯನಾಗಿ ಮಾಡಿ ನಿಲ್ಲಿಸಿದ್ದಾರೆ. ಅಣ್ಣನ ಹೆಸರು ಮೊದಲಿನದು, ತಮ್ಮನ ಹೆಸರನ್ನು ಅದಕ್ಕೆ ಜೋಡಿಯಾಗಿ ಆಮೇಲೆ ಕಟ್ಟಿದ್ದು ಅಂತ ತುಂಬಾ ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಹೆಸರಿನಲ್ಲಿ ‘ಮುಂಚೆ’ ಅಂತ ಕೇಳಿಸಿದ ಮೇಲೆ ‘ಆಮೇಲೆ’ ಅನ್ನುವವನೊಬ್ಬ ಬೇಕೇ ಬೇಕಾಯಿತು.

ತತ್ವಜ್ಞಾನಿ ಪ್ಲೇಟೋ ಇದನ್ನು ಇನ್ನೂ ಚೆನ್ನಾಗಿ ಬೆಳೆಸಿದ. ಪ್ರಾಣಿಗಳಿಗೆಲ್ಲ ಒಂದೊಂದು ಶಕ್ತಿ ಹಂಚುವ ಕೆಲಸವನ್ನು ತಮ್ಮ ನಾನೇ ಮಾಡುತ್ತೇನೆ ಅಂತ ಹಟ ಹಿಡಿದು ತೆಗೆದುಕೊಳ್ಳುತ್ತಾನೆ. ಒಂದಕ್ಕೆ ಉಗುರು, ಒಂದಕ್ಕೆ ದಪ್ಪ ಚರ್ಮ, ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಓಟ. ಕೊನೆಗೆ ಮನುಷ್ಯನ ಸರದಿ ಬಂದಾಗ ಚೀಲ ಖಾಲಿ. ಮನುಷ್ಯ ಬೆತ್ತಲೆ, ಬರಿಗಾಲು, ಹಾಸಿಗೆಯೂ ಇಲ್ಲ. ಅದಕ್ಕೇ ಅಣ್ಣ ಹೋಗಿ ಬೆಂಕಿಯನ್ನೂ ಕಸುಬಿನ ಜಾಣ್ಮೆಯನ್ನೂ ಕದ್ದು ತರಬೇಕಾಯಿತು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಭಾಗ ಸಿಗುವುದಿಲ್ಲ, ನಿಮ್ಮ ಮಗಳು ಇದನ್ನು ಖಂಡಿತ ಹೇಳಲಿ.

ಈಸ್ಕಿಲಸ್‌ನ ಹೆಸರಿನಲ್ಲಿ ಬಂದಿರುವ ನಾಟಕದಲ್ಲಂತೂ ಹೆಸರನ್ನೇ ಹಿಡಿದು ಚುಚ್ಚುವ ಮಾತಿದೆ. ಪ್ರೊಮಿಥಿಯಸ್‌ನನ್ನು ಬಂಡೆಗೆ ಬಡಿದು ಕಟ್ಟಿದ ಮೇಲೆ ‘ಬಲ’ ಎಂಬ ಪಾತ್ರ ಅವನಿಗೆ ಹೇಳುತ್ತದೆ: ದೇವರುಗಳು ನಿನಗೆ ಸುಳ್ಳು ಹೆಸರಿಟ್ಟಿದ್ದಾರೆ, ಈ ಬಂಧನದಿಂದ ಪಾರಾಗಲು ಈಗ ನಿನಗೇ ಒಬ್ಬ ಪ್ರೊಮಿಥಿಯಸ್ ಬೇಕು. ಅಥೆನ್ಸಿನ ಬಯಲು ರಂಗದಲ್ಲಿ ಕೂತವರಿಗೆ ಹೆಸರಿನ ಅರ್ಥ ಗೊತ್ತಿಲ್ಲದಿದ್ದರೆ ಈ ಮಾತು ತಾಗುತ್ತಲೇ ಇರಲಿಲ್ಲ, ಅಲ್ವಾ?

ಹಾಗಾದರೆ ‘ಪ್ರಮಂಥ’ ಎಲ್ಲಿಂದ ಬಂತು?

1859ರಲ್ಲಿ ಅಡಾಲ್ಬರ್ಟ್ ಕೂನ್ ಎಂಬ ಜರ್ಮನ್ ವಿದ್ವಾಂಸರು ಬೆಂಕಿ ಮತ್ತು ಅಮೃತ ಭೂಮಿಗೆ ಇಳಿದು ಬಂದ ಕಥೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಗ್ರೀಕ್, ಸಂಸ್ಕೃತ, ಜರ್ಮನ್ ಪುರಾಣಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಆಗಿನ್ನೂ ಹೊಸದು. ಯಜ್ಞದಲ್ಲಿ ಅರಣಿ ಕಡೆದು ಬೆಂಕಿ ಹುಟ್ಟಿಸುವ ಕ್ರಮ ಅವರ ಕಣ್ಣಿಗೆ ಬಿತ್ತು. ನೀವು ಅರಣಿ ಮಥನ ಹತ್ತಿರದಿಂದ ನೋಡಿದ್ದೀರೋ ಇಲ್ಲವೋ ಗೊತ್ತಿಲ್ಲ. ಕೆಳಗೆ ಒಂದು ಮರದ ಹಲಗೆ, ಅದರಲ್ಲಿ ಸಣ್ಣ ಗುಳಿ. ಬನ್ನಿಮರದ ಮೇಲೆ ಹುಟ್ಟಿ ಬೆಳೆದ ಅರಳಿಯ ಮರವೇ ಇದಕ್ಕೆ ಶ್ರೇಷ್ಠ ಅನ್ನುತ್ತಾರೆ. ಗುಳಿಯಲ್ಲಿ ಒಂದು ಕಡೆಗೋಲು ನಿಲ್ಲಿಸುತ್ತಾರೆ. ಅದರ ತುದಿಗೆ ಮೇಲಿನ ಅರಣಿಯಿಂದ ಕತ್ತರಿಸಿದ ಒಂದು ತುಂಡು ಸಿಕ್ಕಿಸಿರುತ್ತಾರೆ, ಅದೇ ಪ್ರಮಂಥ. ಒಬ್ಬರು ಮೇಲಿನಿಂದ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಸುತ್ತಿ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ಎಳೆಯುತ್ತಾರೆ. ಮೊದಲು ಸುಟ್ಟ ಮರದ ವಾಸನೆ, ಆಮೇಲೆ ಎಳೆ ಹೊಗೆ, ಆಮೇಲೆ ಗುಳಿಯ ಅಂಚಿನಲ್ಲಿ ಕರಿ ಪುಡಿ, ಆ ಪುಡಿಯೊಳಗೆ ಒಂದು ಕೆಂಪು ಚುಕ್ಕಿ. ಅದನ್ನು ನಾರಿನ ಮೇಲೆ ಉದುರಿಸಿಕೊಂಡು ಮೆಲ್ಲಗೆ ಊದುತ್ತಾರೆ. ಆ ಚುಕ್ಕಿ ಜ್ವಾಲೆಯಾಗುವ ಕ್ಷಣದಲ್ಲಿ ಮೈ ಜುಮ್ಮೆನ್ನುತ್ತದೆ, ಎಷ್ಟು ಸಲ ನೋಡಿದರೂ ಅಷ್ಟೇ.

ಕೂನ್ ಕೇಳಿದ್ದು ಇಷ್ಟು: ಬೆಂಕಿ ಹುಟ್ಟಿಸುವ ಕೋಲು ಪ್ರಮಂಥ, ಬೆಂಕಿ ತಂದವನು ಪ್ರೊಮೇಥೆಉಸ್. ಇದು ಆಕಸ್ಮಿಕ ಇರುತ್ತದಾ? ಕ್ರಿ.ಪೂ. ಮೊದಲ ಶತಮಾನದ ಡಿಯೊಡೊರಸ್ ಎಂಬ ಗ್ರೀಕ್ ಲೇಖಕನೇ, ಪ್ರೊಮಿಥಿಯಸ್ ಬೆಂಕಿ ಕದ್ದ ಅನ್ನುತ್ತಾರೆ, ನಿಜವಾಗಿ ಅವನು ಬೆಂಕಿ ಹೊತ್ತಿಸುವ ಸಾಧನ ಕಂಡುಹಿಡಿದವನು ಅಂತ ಬರೆದಿದ್ದಾನೆ. ಕೇಳಿದರೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಆದರೆ ಹೆಸರುಗಳ ವಿಷಯದಲ್ಲಿ ಕೇಳಲು ಚೆನ್ನಾಗಿ ಹೊಂದುವುದು ಸಾಲದು. ಅಕ್ಷರ ಅಕ್ಷರ ಹೊಂದಬೇಕು. ಇದನ್ನು ಕನ್ನಡದ್ದೇ ಉದಾಹರಣೆಯಿಂದ ಹೇಳುತ್ತೇನೆ. ಹಳಗನ್ನಡದ ಪಾಲು ಈಗ ಹಾಲು, ಪುಲಿ ಈಗ ಹುಲಿ, ಪೂವು ಈಗ ಹೂವು. ಇದು ಒಂದೆರಡು ಪದಕ್ಕೆ ಆದದ್ದಲ್ಲ, ಒಂದು ಕ್ರಮ. ತಮಿಳಿನ ಪಾಲ್, ಪುಲಿ, ಪೂ ನೋಡಿದರೆ ಅಲ್ಲಿ ಪಕಾರ ಹಾಗೇ ಉಳಿದಿದೆ. ಹಾಗೆಯೇ ಸಂಸ್ಕೃತ–ಗ್ರೀಕ್ ನಡುವೆಯೂ ಕ್ರಮ ಇದೆ. ಸಂಸ್ಕೃತದಲ್ಲಿ ಧ ಇದ್ದ ಕಡೆ ಗ್ರೀಕ್‌ನಲ್ಲಿ ಥ: ಧೂಮಕ್ಕೆ ಥೂಮೊಸ್, ಮಧುವಿಗೆ ಮೆಥು. ಸಂಸ್ಕೃತದಲ್ಲಿ ಥ ಇದ್ದ ಕಡೆ ಗ್ರೀಕ್‌ನಲ್ಲಿ ಸಾಮಾನ್ಯವಾಗಿ ತ: ಅಸ್ಥಿಗೆ ಒಸ್ತೆಒನ್, ಪೃಥುವಿಗೆ ಪ್ಲತುಸ್. ಅಗಲ ಅಂತ ಅರ್ಥ ಕೊಡುವ ಆ ಪ್ಲತುಸ್‌ನಿಂದಲೇ ಪ್ಲೇಟೋ ಅನ್ನುವ ಹೆಸರು. ಈ ಲೆಕ್ಕದಲ್ಲಿ ಸಂಸ್ಕೃತದ ‘ಮಥ್’ಗೆ ಗ್ರೀಕ್‌ನಲ್ಲಿ ತಕಾರ ಬರಬೇಕಿತ್ತು. ಬಂದಿರುವುದು ಥಕಾರ. ಮಂಥದಲ್ಲಿರುವ ಅನುಸ್ವಾರವೂ ಗ್ರೀಕ್ ಹೆಸರಿನಲ್ಲಿ ಇಲ್ಲ. ಇದರ ಜೊತೆಗೆ ‘ಪ್ರಮಂಥ’ ಅನ್ನುವ ಪದ ಋಗ್ವೇದದಲ್ಲಿ ಇಲ್ಲ. ಸಿಗುವುದು ಬಹಳ ಆಮೇಲಿನ ಯಜ್ಞವಿಧಿಯ ಗ್ರಂಥಗಳಲ್ಲಿ. ಒಂದು ಉಪಕರಣದ ಇಷ್ಟು ತಡವಾದ ಹೆಸರನ್ನು ಹೆಸಿಯಡ್‌ಗಿಂತ ಹಿಂದಿನ ದೇವತೆಯ ಹೆಸರಿಗೆ ಮೂಲ ಅನ್ನುವುದು ಕಷ್ಟ.

ಕೂನ್ ಅವರ ಕೋಲು ಹೀಗೆ ಮುರಿಯಿತು. ಆದರೆ 1960ರಲ್ಲಿ ಯೊಹಾನಾ ನಾರ್ಟೆನ್ ಎಂಬ ಜರ್ಮನ್ ವಿದುಷಿ ವೇದದ ‘ಮಥ್’ ಧಾತುವನ್ನೇ ಹಿಡಿದು ಕೂತರು. ಅವರು ತೋರಿಸಿದ್ದು: ವೇದದಲ್ಲಿ ಎರಡು ಬೇರೆ ಬೇರೆ ಧಾತುಗಳಿವೆ. ಒಂದು ‘ಮಂಥ್’, ಕಡೆ ಅಂತ ಅರ್ಥ. ಇನ್ನೊಂದು ‘ಮಥ್’, ಕಿತ್ತುಕೋ, ಕಸಿದುಕೋ ಅಂತ ಅರ್ಥ. ಮುಂದೆ ಎರಡೂ ಒಂದರೊಳಗೊಂದು ಕಲೆತುಹೋದವು, ಹಾಗಾಗಿ ನಮಗೆ ಮಥನ ಅಂದರೆ ಕಡೆಯುವುದು ಮಾತ್ರ ನೆನಪಾಗುತ್ತದೆ, ಸಮುದ್ರ ಮಥನ ಕೇಳಿ ಬೆಳೆದವರಲ್ಲವಾ ನಾವು.

ಈಗ ಆ ಸಾಲು ನೋಡಿ. ಋಗ್ವೇದದ ಮೊದಲ ಮಂಡಲ, 93ನೇ ಸೂಕ್ತ, ಆರನೇ ಮಂತ್ರ, ಅಗ್ನಿ ಮತ್ತು ಸೋಮ ಇಬ್ಬರನ್ನೂ ಕುರಿತದ್ದು: ‘ಆನ್ಯಂ ದಿವೋ ಮಾತರಿಶ್ವಾ ಜಭಾರ, ಅಮಥ್ನಾದನ್ಯಂ ಪರಿ ಶ್ಯೇನೋ ಅದ್ರೇಃ’. ಒಬ್ಬನನ್ನು, ಅಂದರೆ ಅಗ್ನಿಯನ್ನು, ಮಾತರಿಶ್ವನು ಆಕಾಶದಿಂದ ತಂದ. ಇನ್ನೊಬ್ಬನನ್ನು, ಅಂದರೆ ಸೋಮನನ್ನು, ಗಿಡುಗ ಬೆಟ್ಟದಿಂದ ‘ಅಮಥ್ನಾತ್’. ಇಲ್ಲಿ ಗಿಡುಗ ಕಡೆಯಿತು ಅಂದರೆ ಅರ್ಥವೇ ಆಗುವುದಿಲ್ಲ. ಗಿಡುಗ ಏನು ಮಾಡುತ್ತದೆ? ಎರಗಿ ಕಿತ್ತುಕೊಂಡು ಹೋಗುತ್ತದೆ. ಕೋಳಿಮರಿ ಕಳೆದುಕೊಂಡ ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ‘ಮಥ್’ ಅಂದರೆ ಕಿತ್ತುಕೊಳ್ಳುವುದು ಅಂತ ಈ ಒಂದು ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಮಾತರಿಶ್ವನ ಬೆಂಕಿಗೂ ಇದೇ ಧಾತು ಬಳಸಿದ ಮಂತ್ರಗಳು ಬೇರೆ ಕಡೆ ಇವೆ. ಸ್ವರ್ಗದ ಬೆಂಕಿಯನ್ನು ಕಿತ್ತು ತಂದು ಮನುಷ್ಯರಿಗೆ ಕೊಟ್ಟವನು ಮಾತರಿಶ್ವ.

ಈ ಆಧಾರದ ಮೇಲೆ, ಪ್ರೊಮಿಥಿಯಸ್ ಅಂದರೆ ಮೂಲದಲ್ಲಿ ‘ಕಸಿದು ತಂದವನು’, ಅಂದರೆ ಕಳ್ಳ, ಇರಬಹುದು ಅಂತ ಈಗಲೂ ಕೆಲವು ಭಾಷಾ ವಿದ್ವಾಂಸರು ಒಪ್ಪುತ್ತಾರೆ. ಥಕಾರದ ತೊಡಕು ಇಲ್ಲೂ ಇದೆ. ಆದರೆ ಸಂಸ್ಕೃತದ ‘ವೇತ್ಥ’, ಅಂದರೆ ನೀನು ಬಲ್ಲೆ ಅನ್ನುವುದಕ್ಕೆ ಗ್ರೀಕ್‌ನಲ್ಲಿ ‘ಒಇಸ್ಥ’ ಅಂತ ಥಕಾರವೇ ಇದೆ, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಇತ್ತ ‘ಮುಂದಾಲೋಚನೆ’ಯ ಕಡೆಯೂ ಒಂದು ತೊಡಕಿದೆ. ಕಲಿಯುವ ಅರ್ಥದ ಗ್ರೀಕ್ ಧಾತು ‘ಮಥ್’ನಲ್ಲಿ ಸ್ವರ ಹ್ರಸ್ವ, ಹೆಸರಿನಲ್ಲಿ ದೀರ್ಘ. ಪಿಂಡರ್ ಕವಿ ಬಳಸಿದ, ಡೋರಿಕ್ ಎಂಬ ಗ್ರೀಕ್ ಉಪಭಾಷೆಯ ರೂಪದಲ್ಲಿ ಇದು ‘ಪ್ರೊಮಾಥೆಉಸ್’, ಮಾ ಅಂತ ಎಳೆದೇ ಇದೆ. ನನ್ನ ತೂಕ ಸ್ವಲ್ಪ ‘ಕಸಿದವನ’ ಕಡೆಗೇ ವಾಲುತ್ತದೆ. ಕಾರಣ ಕಥೆ. ಇವನು ಕದಿಯುವವನು ಅನ್ನುವುದು ಕಥೆಯ ಬೆನ್ನುಮೂಳೆ, ಮುಂದಾಲೋಚನೆ ಅದಕ್ಕೆ ಆಮೇಲೆ ಬಂದ ಮೈ.

ಹಳೆಯ ಅರ್ಥ ಮರೆತು ಹೋಗಿ ಜನ ಹೊಸ ಅರ್ಥ ಕೇಳಿಸಿಕೊಳ್ಳುವುದು ನಮಗೇನೂ ಹೊಸದಲ್ಲ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು ಅಂತ ಎಲ್ಲರೂ ಕೇಳಿದ್ದೇವೆ. ಆದರೆ ಬೇಗೂರಿನ ಕಲ್ಲಿನ ಮೇಲೆ, ಸುಮಾರು 890ರ ಹೊತ್ತಿಗೇ, ಬಲ್ಲಾಳನಿಗಿಂತ ಮುನ್ನೂರು ವರ್ಷ ಮೊದಲೇ, ‘ಬೆಂಗಳೂರ ಕಾಳಗ’ ಅಂತ ಬರೆದಿದೆ. ಹಾಗಂತ ಬೆಂದ ಕಾಳಿನ ಕಥೆಗೆ ಬೆಲೆ ಇಲ್ಲ ಅಂತಲ್ಲ. ಜನ ತಮ್ಮ ಊರಿನ ಹೆಸರನ್ನು ಹಾಗೆ ಕೇಳಿಸಿಕೊಂಡರು, ಆ ಕೇಳಿಸಿಕೊಂಡದ್ದೇ ಒಂದು ಕಥೆಯಾಯಿತು. ಗ್ರೀಕರ ಕಿವಿಯೂ ಅದನ್ನೇ ಮಾಡಿತು, ಒಬ್ಬ ತಮ್ಮನನ್ನೂ ಹುಟ್ಟಿಸಿತು.

ನಿಮ್ಮ ಗುಂಪಿನ ಬರಹದಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ‘ಸಂಸ್ಕೃತದಿಂದ ಹುಟ್ಟಿದ್ದು’ ಅನ್ನುವ ಮಾತು. ಹೋಲಿಕೆ ಇರುವುದು ನಿಜ. ಆದರೆ ಅದು ಅಮ್ಮ–ಮಗಳ ಹೋಲಿಕೆ ಅಲ್ಲ, ದೊಡ್ಡಮ್ಮನ ಮಕ್ಕಳ ಹೋಲಿಕೆ. ಕನ್ನಡದ ಹಾಲು ತಮಿಳಿನ ಪಾಲ್‌ನಿಂದ ಹುಟ್ಟಿದ್ದು ಅಂತ ಯಾರಾದರೂ ಅಂದರೆ ನಾವು ಸುಮ್ನೆ ಇರುತ್ತೇವಾ? ಎರಡಕ್ಕೂ ಒಂದೇ ಹಿರಿಯ ಮೂಲ ಅನ್ನುತ್ತೇವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ವಿಷಯದಲ್ಲಿ 1786ರಲ್ಲೇ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಈ ಮಾತು ಹೇಳಿದ್ದರು, ಬಹುಶಃ ಈಗ ಉಳಿದಿಲ್ಲದ ಒಂದು ಮೂಲದಿಂದ ಮೂರೂ ಬಂದಿರಬೇಕು ಅಂತ. ಇದನ್ನು ಒಪ್ಪಿದರೆ ಋಗ್ವೇದದ ಆ ಸಾಲಿನ ಬೆಲೆ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಗ್ರೀಕರು ಮರೆತ ಒಂದು ಅರ್ಥ ಇರಬಹುದಾದ ಜಾಗ ಅದು.

ಇನ್ನೊಂದು ವಿಷಯ, ಹೋಲಿಕೆ ಹುಡುಕುವ ಉತ್ಸಾಹದಲ್ಲಿ ಬಿಟ್ಟುಹೋಗುವಂಥದ್ದು. ಮಾತರಿಶ್ವನಿಗೆ ಶಿಕ್ಷೆ ಇಲ್ಲ. ವೇದದಲ್ಲಿ ಅವನು ಬೆಂಕಿ ತಂದು ಭೃಗು ಎಂಬ ಋಷಿಕುಲದವರಿಗೆ ಕೊಟ್ಟ, ಎಲ್ಲರಿಗೂ ಸಂತೋಷ. ಬಂಡೆ, ಸರಪಳಿ, ಪಿತ್ತಜನಕಾಂಗ ತಿನ್ನುವ ಹದ್ದು, ಇದೆಲ್ಲ ಗ್ರೀಕರದೇ ನೋವು. ಬೆಂಕಿಗೆ ಬೆಲೆ ತೆರಬೇಕು ಅಂತ ಅವರಿಗೆ ಅನ್ನಿಸಿತ್ತು. ಹಾಗಂತ ಅವರು ಅವನನ್ನು ದೂರ ಇಡಲಿಲ್ಲ. ಅಥೆನ್ಸಿನಲ್ಲಿ ಪ್ಲೇಟೋನ ಅಕಾಡೆಮಿ ಇದ್ದ ಕಡೆಯಲ್ಲೇ ಪ್ರೊಮಿಥಿಯಸ್‌ನ ಬಲಿಪೀಠ ಇತ್ತು. ಅಲ್ಲಿಂದ ಊರೊಳಕ್ಕೆ ಪಂಜು ಹಿಡಿದು ಓಡುವ ಪಂದ್ಯ ನಡೆಯುತ್ತಿತ್ತು. ಮೊದಲು ಬಂದರೆ ಸಾಲದು, ಪಂಜು ಉರಿಯುತ್ತಿರಬೇಕು. ಮೊದಲು ಓಡಿಬಂದವನ ಪಂಜು ಆರಿದ್ದರೆ ಗೆಲುವು ಎರಡನೆಯವನಿಗೆ, ಅವನದೂ ಆರಿದ್ದರೆ ಮೂರನೆಯವನಿಗೆ, ಎಲ್ಲರದೂ ಆರಿದ್ದರೆ ಯಾರೂ ಗೆದ್ದಿಲ್ಲ. ಇದನ್ನು ಎರಡನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿಟ್ಟಿದ್ದಾನೆ. ಮಗಳ ಐದು ನಿಮಿಷದಲ್ಲಿ ಜಾಗ ಇದ್ದರೆ ಇದನ್ನೂ ಸೇರಿಸಿ.

ಕೊನೆಯದಾಗಿ ಬರೆಯುವ ರೀತಿ. ಪ್ರೊಮಿಥಿಯಸ್, ಪ್ರೊಮೀಥಿಯಸ್ ಎರಡೂ ಇಂಗ್ಲಿಷ್ ಉಚ್ಚಾರದ ದಾರಿಯಲ್ಲಿ ಬಂದವು. ರೂಢಿಯಾಗಿವೆ, ತಪ್ಪೇನಿಲ್ಲ. ಮೂಲಕ್ಕೆ ಹತ್ತಿರ ಬೇಕು ಅಂದರೆ ‘ಪ್ರೊಮೇಥೆಉಸ್’ ಅಂತ ಬರೆಯಿರಿ. ಇದರಲ್ಲಿ ನನಗೆ ಬಹಳ ಖುಷಿ ಕೊಡುವ ಸಂಗತಿ ಒಂದಿದೆ. ಹಳೆಯ ಗ್ರೀಕ್‌ನಲ್ಲಿ ಎ–ಏ, ಒ–ಓ ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಅಕ್ಷರಗಳಿದ್ದವು, ಕನ್ನಡದಲ್ಲಿ ಇರುವ ಹಾಗೆಯೇ. ಅವರ ಥಕಾರವೂ ಆ ಕಾಲದಲ್ಲಿ ನಮ್ಮ ‘ಥ’ದ ಹಾಗೇ ಉಸಿರು ಸೇರಿದ ತಕಾರವಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಎರಡು ಅಕ್ಷರ ಸೇರಿಸಿ ಬರೆಯಬೇಕಾದ್ದನ್ನು ನಾವು ಒಂದೇ ಅಕ್ಷರದಲ್ಲಿ ಬರೆಯುತ್ತೇವೆ. ಮಗಳು ಬೋರ್ಡಿನ ಮೇಲೆ ಪ್ರೊ, ಮೇ, ಥೆ, ಉಸ್ ಅಂತ ಬಿಡಿಸಿ ಬರೆದು, ಒಂದೊಂದಾಗಿ ಗಟ್ಟಿಯಾಗಿ ಓದಲಿ.